ಟರ್ಮಿನಲ್‌ನಿಂದಲೇ ಸ್ವಿಚ್ಚನ್ನು ವಿಚಾರಿಸುವ ಬಗೆ: ನೆಟ್-ಎಸ್‌ಎನ್‌ಎಂಪಿ ಬಳಕೆಗೆ ಒಂದು ಕೈಪಿಡಿ

ಒಂದು ಕ್ಯಾಂಪಸ್ಸಿನಲ್ಲಿ ಹತ್ತು ಹದಿನೈದು ಸ್ವಿಚ್, ಎರಡು ರೂಟರ್, ನಾಲ್ಕು ಯುಪಿಎಸ್ ಮತ್ತು ಕಂಬಕ್ಕೊಂದರಂತೆ ಕ್ಯಾಮೆರಾಗಳಿದ್ದರೆ, ಯಾವುದಕ್ಕೆ ಏನಾಗಿದೆ ಎಂದು ತಿಳಿಯಲು ಪ್ರತಿಯೊಂದರ ವೆಬ್ ಪುಟಕ್ಕೂ ಲಾಗಿನ್ ಆಗಿ ನೋಡುವಷ್ಟರಲ್ಲಿ ಅರ್ಧ ದಿನ ಕಳೆದುಹೋಗುತ್ತದೆ. ಇವೆಲ್ಲವನ್ನೂ ಕುಳಿತಲ್ಲಿಂದಲೇ, ಒಂದೇ ಬಗೆಯ ಪ್ರಶ್ನೆಯಿಂದ ವಿಚಾರಿಸುವ ಪದ್ಧತಿ 1988ರಿಂದಲೂ ಇದೆ. ಸಿಂಪಲ್ ನೆಟ್‌ವರ್ಕ್ ಮ್ಯಾನೇಜ್‌ಮೆಂಟ್ ಪ್ರೋಟೋಕಾಲ್, ಅಂದರೆ ಎಸ್‌ಎನ್‌ಎಂಪಿ ಎಂಬ ಈ ಪದ್ಧತಿಯಲ್ಲಿ ಸಾಧನದೊಳಗಿನ ಏಜೆಂಟ್ ಎಂಬ ಪುಟ್ಟ ತಂತ್ರಾಂಶವು ಯುಡಿಪಿ 161ನೆಯ ಪೋರ್ಟಿನಲ್ಲಿ ಕಾದು ಕುಳಿತಿರುತ್ತದೆ. ಕೇಳಿದ್ದಕ್ಕೆ ಉತ್ತರ ಕೊಡುತ್ತದೆ, ಅನುಮತಿಯಿದ್ದರೆ ಹೇಳಿದಂತೆ ತನ್ನ ಸೆಟ್ಟಿಂಗನ್ನೂ ಬದಲಿಸುತ್ತದೆ. ಅದರೊಡನೆ ಮಾತಾಡಲು ನಾನು ದಿನವೂ ಬಳಸುವುದು ನೆಟ್-ಎಸ್‌ಎನ್‌ಎಂಪಿ ಎಂಬ ಉಚಿತ ಕಮಾಂಡ್‌ಗಳ ಗುಚ್ಛವನ್ನು. ಉಬುಂಟು, ಡೆಬಿಯನ್‌ಗಳಲ್ಲಿ ಇದರ ಪ್ಯಾಕೇಜಿನ ಹೆಸರು ಬರಿಯ ಎಸ್‌ಎನ್‌ಎಂಪಿ. ಫೆಡೋರಾ ಮತ್ತು ರೆಡ್‌ಹ್ಯಾಟ್‌ಗಳಲ್ಲಿ ನೆಟ್-ಎಸ್‌ಎನ್‌ಎಂಪಿ-ಯುಟಿಲ್ಸ್.

ಕಮಾಂಡ್‌ಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲೇ ಬರೆದಿದ್ದೇನೆ. ಟೈಪ್ ಮಾಡುವಾಗ ಅವನ್ನು ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ, ಒಂದೇ ಪದವಾಗಿ ಬರೆಯಬೇಕು.

ಮೊದಲ ಕೆಲಸ ಗುರುತಿನ ವ್ಯವಸ್ಥೆ. ಈ ಪ್ರೋಟೋಕಾಲಿನ 1 ಮತ್ತು 2ಸಿ ಆವೃತ್ತಿಗಳಲ್ಲಿ ಪಾಸ್‌ವರ್ಡಿನ ಜಾಗದಲ್ಲಿರುವುದು ಕಮ್ಯುನಿಟಿ ಎಂಬ ಒಂದು ಪದ. ಅದು ತಂತಿಯ ಮೇಲೆ ಯಾವ ಮುಚ್ಚುಮರೆಯೂ ಇಲ್ಲದೆ ಹರಿಯುತ್ತದೆ. ಎಷ್ಟೋ ಸಾಧನಗಳು ಕಾರ್ಖಾನೆಯಿಂದ ಬರುವಾಗ ಆ ಪದ ‘ಪಬ್ಲಿಕ್’ ಎಂದೇ ಇರುತ್ತದೆ, ಹಾಕಿದವರು ಅದನ್ನು ಬದಲಿಸಿರುವುದಿಲ್ಲ. ಆದ್ದರಿಂದ ನಿಮ್ಮ ಸಾಧನ ಬೆಂಬಲಿಸುವುದಾದರೆ 3ನೆಯ ಆವೃತ್ತಿಯನ್ನೇ ಬಳಸಿ, ಹಳೆಯ ಎರಡನ್ನೂ ಸಾಧನದಲ್ಲೇ ಮುಚ್ಚಿಬಿಡಿ. 3ರಲ್ಲಿ ಬಳಕೆದಾರನ ಹೆಸರು, ಗುರುತು ಖಚಿತಪಡಿಸುವ ಒಂದು ಗುಪ್ತಪದ, ಮಾಹಿತಿಯನ್ನು ಗೂಢಲಿಪಿಗೆ ಇಳಿಸುವ ಇನ್ನೊಂದು ಗುಪ್ತಪದ, ಹೀಗೆ ಮೂರು ಅಂಶಗಳಿರುತ್ತವೆ. ಗುಪ್ತಪದ ಕನಿಷ್ಠ 8 ಅಕ್ಷರಗಳದ್ದಾಗಿರಬೇಕು. ಸ್ವಿಚ್ಚಿನಲ್ಲಿ ಓದಲು ಮಾತ್ರ ಅಧಿಕಾರವಿರುವ ಒಬ್ಬ ಬಳಕೆದಾರನನ್ನೂ, ಬದಲಿಸುವ ಅಧಿಕಾರವಿರುವ ಇನ್ನೊಬ್ಬನನ್ನೂ ಬೇರೆ ಬೇರೆಯಾಗಿ ಸೃಷ್ಟಿಸಿ. ಇದು ಅತಿ ಎಚ್ಚರಿಕೆ ಅಲ್ಲವೆಂಬುದು ಕೊನೆಗೆ ತಿಳಿಯುತ್ತದೆ.

ಈ ವಿವರಗಳನ್ನು ಪ್ರತಿ ಸಲ ಕಮಾಂಡಿನ ಜೊತೆಗೇ ಟೈಪ್ ಮಾಡುವ ಅಭ್ಯಾಸ ಬೇಡ, ಏಕೆಂದರೆ ಅವು ಶೆಲ್ಲಿನ ಹಿಸ್ಟರಿಯಲ್ಲಿ ಉಳಿಯುತ್ತವೆ ಮತ್ತು ಅದೇ ಯಂತ್ರದಲ್ಲಿ ಲಾಗಿನ್ ಆಗಿರುವ ಇತರರಿಗೆ ಪ್ರೋಸೆಸ್ ಪಟ್ಟಿಯಲ್ಲಿ ಕಾಣಿಸಬಹುದು. ನಿಮ್ಮ ಹೋಮ್ ಡೈರೆಕ್ಟರಿಯಲ್ಲಿ ಚುಕ್ಕೆಯಿಂದ ಆರಂಭವಾಗುವ ‘.ಎಸ್‌ಎನ್‌ಎಂಪಿ’ ಎಂಬ ಫೋಲ್ಡರ್ ಮಾಡಿ, ಅದರೊಳಗೆ ‘ಎಸ್‌ಎನ್‌ಎಂಪಿ.ಕಾನ್ಫ್’ ಎಂಬ ಫೈಲಿನಲ್ಲಿ ಓದುವ ಬಳಕೆದಾರನ ವಿವರಗಳನ್ನು ಸಾಲಾಗಿ ಬರೆಯಿರಿ: ಡೆಫ್‌ವರ್ಷನ್ ಎಂಬುದರ ಮುಂದೆ 3, ಡೆಫ್‌ಸೆಕ್ಯುರಿಟಿನೇಮ್ ಮುಂದೆ ಬಳಕೆದಾರನ ಹೆಸರು, ಡೆಫ್‌ಸೆಕ್ಯುರಿಟಿಲೆವೆಲ್ ಮುಂದೆ ಆಥ್‌ಪ್ರಿವ್, ಡೆಫ್‌ಆಥ್‌ಟೈಪ್ ಮುಂದೆ ಎಸ್‌ಎಚ್‌ಎ, ಡೆಫ್‌ಪ್ರಿವ್‌ಟೈಪ್ ಮುಂದೆ ಎಇಎಸ್, ಕೊನೆಗೆ ಡೆಫ್‌ಆಥ್‌ಪಾಸ್‌ಫ್ರೇಜ್ ಮತ್ತು ಡೆಫ್‌ಪ್ರಿವ್‌ಪಾಸ್‌ಫ್ರೇಜ್‌ಗಳ ಮುಂದೆ ಎರಡು ಗುಪ್ತಪದಗಳು. ಫೈಲಿನ ಅನುಮತಿಯನ್ನು 600ಕ್ಕೆ, ಅಂದರೆ ನೀವೊಬ್ಬರೇ ಓದಿ ಬರೆಯುವಂತೆ, ಇಳಿಸಿ. ಇಷ್ಟಾದ ಮೇಲೆ ಕಮಾಂಡಿನಲ್ಲಿ ಸಾಧನದ ವಿಳಾಸ ಮತ್ತು ಕೇಳಬೇಕಾದ ವಸ್ತುವಿನ ಸಂಖ್ಯೆ, ಇವೆರಡೇ ಉಳಿಯುತ್ತವೆ.

ಆ ಸಂಖ್ಯೆಯೇ ಇಡೀ ವಿದ್ಯೆಯ ಜೀವಾಳ. ಸಾಧನ ಹೇಳಬಲ್ಲ ಪ್ರತಿಯೊಂದು ವಿಷಯಕ್ಕೂ ಒಂದು ಮರದ ಕೊಂಬೆ ರೆಂಬೆಗಳಂತೆ ಕವಲೊಡೆಯುವ ಸಂಖ್ಯಾ ವಿಳಾಸವಿದೆ. ಅದನ್ನು ಓಐಡಿ ಎನ್ನುತ್ತಾರೆ. ಎಲ್ಲ ತಯಾರಕರಿಗೂ ಸಮಾನವಾದ ಮಾಹಿತಿ 1.3.6.1.2.1 ಎಂಬ ಕೊಂಬೆಯ ಕೆಳಗಿದ್ದರೆ, ತಯಾರಕರ ಸ್ವಂತ ಮಾಹಿತಿ 1.3.6.1.4.1ರ ಕೆಳಗಿರುತ್ತದೆ; ಅಲ್ಲಿ ಸಿಸ್ಕೋಗೆ 9 ಎಂಬಂತೆ ಪ್ರತಿ ಸಂಸ್ಥೆಗೂ ಒಂದು ಸಂಖ್ಯೆ. ಈ ಸಂಖ್ಯೆಗಳಿಗೆ ಹೆಸರುಗಳೂ ಉಂಟು, ಹೆಸರಿನ ಫೈಲುಗಳನ್ನು ಸೇರಿಸಿಕೊಂಡರೆ ಅವೇ ತೆರೆಯ ಮೇಲೆ ಬರುತ್ತವೆ. ಆದರೂ ಹತ್ತಿಪ್ಪತ್ತು ಸಂಖ್ಯೆಗಳನ್ನು ಬಾಯಿಪಾಠ ಮಾಡಿಕೊಳ್ಳುವುದೇ ಮೇಲು ಎಂಬುದು ನನ್ನ ಅಭಿಪ್ರಾಯ. ಹೆಸರಿನ ಫೈಲಿಲ್ಲದ ಅಪರಿಚಿತ ಯಂತ್ರದಲ್ಲಿ ಕೆಲಸ ಮಾಡಬೇಕಾಗಿ ಬಂದಾಗಲೂ ಸಂಖ್ಯೆ ಕೈಬಿಡುವುದಿಲ್ಲ.

ಮೊದಲ ಪ್ರಶ್ನೆ ಇದಾಗಿರಲಿ:

ಎಸ್‌ಎನ್‌ಎಂಪಿಗೆಟ್ 192.168.10.2 1.3.6.1.2.1.1.1.0

ಇದಕ್ಕೆ ಸಾಧನ ತನ್ನ ಮಾದರಿ, ತಂತ್ರಾಂಶದ ಆವೃತ್ತಿ ಮೊದಲಾದ ವಿವರವನ್ನು ಹೇಳುತ್ತದೆ. ಕೊನೆಯ ಸೊನ್ನೆಯನ್ನು ಬಿಡಬೇಡಿ. ಪಟ್ಟಿಯಲ್ಲದ, ಒಂಟಿಯಾದ ಬೆಲೆಗಳ ಓಐಡಿಗಳೆಲ್ಲ ‘.0’ ಎಂದೇ ಮುಗಿಯುತ್ತವೆ, ಅದನ್ನು ಬಿಟ್ಟರೆ ‘ಅಂಥದ್ದಿಲ್ಲ’ ಎಂಬ ಉತ್ತರ ಬರುತ್ತದೆ. ಅದೇ ಕೊಂಬೆಯಲ್ಲಿ 1.3.6.1.2.1.1.5.0 ಹೆಸರನ್ನೂ, 6.0 ಇರುವ ಸ್ಥಳವನ್ನೂ, 3.0 ಎಷ್ಟು ಹೊತ್ತಿನಿಂದ ಚಾಲನೆಯಲ್ಲಿದೆ ಎಂಬುದನ್ನೂ ಹೇಳುತ್ತವೆ. ಈ ಕೊನೆಯದು ಸೆಕೆಂಡಿನ ನೂರನೆಯ ಒಂದು ಭಾಗದ ಲೆಕ್ಕದಲ್ಲಿರುತ್ತದೆ: 12345678 ಎಂದರೆ 1 ದಿನ, 10 ಗಂಟೆ, 17 ನಿಮಿಷ, 36.78 ಸೆಕೆಂಡು. ಸುಮಾರು 497 ದಿನ ತುಂಬಿದಾಗ ಎಣಿಕೆ ಮತ್ತೆ ಸೊನ್ನೆಯಿಂದ ಆರಂಭವಾಗುವುದರಿಂದ, ಸಣ್ಣ ಸಂಖ್ಯೆ ಕಂಡೊಡನೆ ರಾತ್ರಿ ಕರೆಂಟು ಹೋಗಿ ಸ್ವಿಚ್ ಮರುಚಾಲನೆಗೊಂಡಿದೆ ಎಂದು ತೀರ್ಮಾನಿಸಬಾರದು.

ಇಡೀ ಪಟ್ಟಿ ಬೇಕಾದಾಗ ಗೆಟ್ ಬದಲು ವಾಕ್. ಸ್ವಿಚ್ಚಿನಲ್ಲಿ ಕೇಬಲ್ ಸಿಕ್ಕಿಸುವ ಪೋರ್ಟುಗಳ ಹೆಸರಿಗೆ ಹೀಗೆ ಕೇಳಬೇಕು:

ಎಸ್‌ಎನ್‌ಎಂಪಿವಾಕ್ 192.168.10.2 1.3.6.1.2.1.31.1.1.1.1

ಪೋರ್ಟು ನೂರಾರಿದ್ದರೆ ಎಸ್‌ಎನ್‌ಎಂಪಿಬಲ್ಕ್‌ವಾಕ್ ಒಂದೊಂದು ಸಲಕ್ಕೆ ಹಲವು ಉತ್ತರಗಳನ್ನು ಒಟ್ಟಿಗೆ ತರಿಸುವುದರಿಂದ ಬೇಗ ಮುಗಿಯುತ್ತದೆ. ಪ್ರತಿ ಸಾಲಿನ ಓಐಡಿಯ ತುದಿಯಲ್ಲಿರುವುದು ಆ ಪೋರ್ಟಿನ ಸೂಚ್ಯಂಕ. ಡಬ್ಬದ ಮುಂಭಾಗದಲ್ಲಿ ಅಚ್ಚಾಗಿರುವ ಅಂಕಿಗೂ ಇದಕ್ಕೂ ಹೋಲಿಕೆಯೇ ಇರಬೇಕೆಂದಿಲ್ಲ. ಕೆಲವು ಸ್ವಿಚ್‌ಗಳಲ್ಲಿ 1ನೆಯ ಪೋರ್ಟಿನ ಸೂಚ್ಯಂಕ 10101. ಸಾಧನ ಮರುಚಾಲನೆಗೊಂಡಾಗ ಸೂಚ್ಯಂಕಗಳು ಬದಲಾಗುವುದೂ ಉಂಟು. ಹಾಗಾಗಿ ಹಳೆಯ ಚೀಟಿಯನ್ನು ನಂಬದೆ ಪ್ರತಿ ಸಲವೂ ಹೆಸರಿನ ಪಟ್ಟಿಯನ್ನು ಹೊಸದಾಗಿ ತರಿಸಿಕೊಂಡೇ ಮುಂದುವರಿಯಿರಿ.

ಸೂಚ್ಯಂಕ ಸಿಕ್ಕಿತೆಂದರೆ ಪೋರ್ಟಿನ ಸಮಾಚಾರವೆಲ್ಲ ಕೈಗೆ ಬಂದಂತೆ. 1.3.6.1.2.1.2.2.1.7 ಆಡಳಿತಗಾರನ ಇಚ್ಛೆಯನ್ನೂ, 1.3.6.1.2.1.2.2.1.8 ವಾಸ್ತವ ಸ್ಥಿತಿಯನ್ನೂ ಹೇಳುತ್ತವೆ. 1 ಎಂದರೆ ಚಾಲೂ, 2 ಎಂದರೆ ಬಂದ್. ಮೊದಲನೆಯದು 1, ಎರಡನೆಯದು 2 ಎಂದಿದ್ದರೆ ನಾವು ತೆರೆದಿಟ್ಟಿದ್ದರೂ ಆ ಬದಿಯಲ್ಲಿ ಯಂತ್ರವಿಲ್ಲ ಅಥವಾ ಕೇಬಲ್ ಕಳಚಿದೆ ಎಂದರ್ಥ. ಒಳಬರುವ ದೋಷಗಳ ಎಣಿಕೆ 1.3.6.1.2.1.2.2.1.14ರಲ್ಲಿದೆ. ಒಂದು ಪ್ರಯೋಗಾಲಯದಿಂದ ‘ನೆಟ್ ನಿಧಾನ’ ಎಂಬ ದೂರು ವಾರಗಟ್ಟಲೆ ಬರುತ್ತಿದ್ದಾಗ ನಾನು ಈ ಒಂದು ಸಂಖ್ಯೆಯನ್ನು ಹತ್ತು ಹತ್ತು ಸೆಕೆಂಡಿಗೆ ಕೇಳುತ್ತ ಕುಳಿತೆ. ಉಳಿದ ಪೋರ್ಟುಗಳಲ್ಲಿ ಸೊನ್ನೆ ಕದಲದಿದ್ದರೆ, ಆ ಒಂದರಲ್ಲಿ ಮಾತ್ರ ಎಣಿಕೆ ಕಣ್ಣೆದುರೇ ಏರುತ್ತಿತ್ತು. ಹೋಗಿ ನೋಡಿದರೆ ಕಬ್ಬಿಣದ ಬೀರುವಿನ ಕಾಲು ಕೇಬಲ್ಲಿನ ಮೇಲೆ ಕುಳಿತಿತ್ತು. ಬೀರುವನ್ನು ಸರಿಸಿ ಕೇಬಲ್ ಬದಲಿಸಿದ ಮೇಲೆ ಎಣಿಕೆ ಅಲ್ಲಿಗೇ ನಿಂತಿತು. ನೆನಪಿಡಬೇಕಾದದ್ದೆಂದರೆ, ಇಂಥ ಎಣಿಕೆಯ ದೊಡ್ಡ ಗಾತ್ರದಿಂದ ಏನೂ ತಿಳಿಯದು, ಅದು ಎಂದೋ ಆದ ದೋಷಗಳ ಮೊತ್ತವೂ ಆಗಿರಬಹುದು. ಎರಡು ಓದುಗಳ ನಡುವಿನ ವ್ಯತ್ಯಾಸವೇ ಮಾತಾಡುವುದು.

ದಟ್ಟಣೆಯ ಲೆಕ್ಕವೂ ಹೀಗೆಯೇ. 1.3.6.1.2.1.31.1.1.1.6 ಒಳಬಂದ ಬೈಟುಗಳನ್ನೂ, 1.3.6.1.2.1.31.1.1.1.10 ಹೊರಹೋದ ಬೈಟುಗಳನ್ನೂ ಎಣಿಸುತ್ತವೆ. 300 ಸೆಕೆಂಡುಗಳ ಅಂತರದಲ್ಲಿ ಎರಡು ಸಲ ಕೇಳಿದಾಗ ವ್ಯತ್ಯಾಸ 112 ಕೋಟಿ 50 ಲಕ್ಷ ಬಂದಿತೆನ್ನಿ. ಅದನ್ನು 8ರಿಂದ ಗುಣಿಸಿ 300ರಿಂದ ಭಾಗಿಸಿದರೆ ಸೆಕೆಂಡಿಗೆ 3 ಕೋಟಿ ಬಿಟ್, ಅಂದರೆ 30 ಮೆಗಾಬಿಟ್. ಹಳೆಯ ಪಟ್ಟಿಯಲ್ಲೂ, 1.3.6.1.2.1.2.2.1.10ರಲ್ಲಿ, ಇದೇ ಎಣಿಕೆ ಇದೆ, ಆದರೆ ಅದು 32 ಬಿಟ್ಟಿನದು; 429 ಕೋಟಿ ಚಿಲ್ಲರೆ ತಲುಪಿದೊಡನೆ ಸೊನ್ನೆಗೆ ಮರಳುತ್ತದೆ. ತುಂಬಿ ಹರಿಯುವ ಗಿಗಾಬಿಟ್ ಪೋರ್ಟಿನಲ್ಲಿ ಇದಕ್ಕೆ ಬೇಕಾಗುವುದು ಸುಮಾರು 34 ಸೆಕೆಂಡು ಮಾತ್ರ. ಹಳೆಯದನ್ನು ಐದು ನಿಮಿಷಕ್ಕೊಮ್ಮೆ ಓದಿ ನಕ್ಷೆ ಬರೆದರೆ ಅದು ಸುಳ್ಳು ನಕ್ಷೆಯೇ. ಮೇಲೆ ಹೇಳಿದ 64 ಬಿಟ್ಟಿನ ಎಣಿಕೆಯನ್ನೇ ಬಳಸಿ.

ಕರೆಂಟು ಹೋಗುವ ಊರುಗಳಲ್ಲಿ ಕೆಲಸ ಮಾಡುವವರಿಗೆ ಯುಪಿಎಸ್ಸಿನ ಕೊಂಬೆ ಬಹಳ ಉಪಯುಕ್ತ. ನೆಟ್‌ವರ್ಕ್ ಕಾರ್ಡಿರುವ, ಸಾಮಾನ್ಯ ಪಟ್ಟಿಯನ್ನು ಪಾಲಿಸುವ ಯುಪಿಎಸ್‌ಗಳಲ್ಲಿ 1.3.6.1.2.1.33.1.2.1.0 ಬ್ಯಾಟರಿಯ ಸ್ಥಿತಿಯನ್ನು (2 ಸರಿಯಿದೆ, 3 ಇಳಿದಿದೆ, 4 ಬರಿದಾಗಿದೆ), 1.3.6.1.2.1.33.1.2.3.0 ಇನ್ನೆಷ್ಟು ನಿಮಿಷ ಬರುತ್ತದೆಂಬ ಅಂದಾಜನ್ನು ಕೊಡುತ್ತವೆ. ಉತ್ತರ ಬಾರದಿದ್ದರೆ ತಯಾರಕರ ಸ್ವಂತ ಕೊಂಬೆಯಲ್ಲಿ ಹುಡುಕಬೇಕು.

ಉತ್ತರವೇ ಬಾರದೆ ‘ಟೈಮ್‌ಔಟ್’ ಎಂದಾಗ ಹೊಸಬರು ಸಾಧನ ಕೆಟ್ಟಿದೆ ಎಂದುಕೊಳ್ಳುತ್ತಾರೆ. 2ಸಿ ಆವೃತ್ತಿಯಲ್ಲಿ ಕಮ್ಯುನಿಟಿ ಪದ ತಪ್ಪಿದ್ದರೆ ಏಜೆಂಟ್ ಏನೂ ಹೇಳದೆ ಸುಮ್ಮನಿರುತ್ತದೆ, ಆದ್ದರಿಂದ ತಪ್ಪು ಪದಕ್ಕೂ ಸತ್ತ ಸಾಧನಕ್ಕೂ ಫಲ ಒಂದೇ. ಮೊದಲು ಪಿಂಗ್ ಮಾಡಿ, ಬಳಿಕ 161ನೆಯ ಯುಡಿಪಿ ಪೋರ್ಟಿಗೆ ಫೈರ್‌ವಾಲ್ ಅಡ್ಡವಿದೆಯೇ ನೋಡಿ, ನಿಮ್ಮ ಯಂತ್ರದ ವಿಳಾಸಕ್ಕೆ ಸಾಧನದಲ್ಲಿ ಅನುಮತಿ ಇದೆಯೇ ನೋಡಿ. 3ನೆಯ ಆವೃತ್ತಿ ಇಲ್ಲಿ ಹೆಚ್ಚು ಸಹಾಯಕ. ಬಳಕೆದಾರನ ಹೆಸರು ತಪ್ಪೋ ಗುಪ್ತಪದ ತಪ್ಪೋ ಎಂದು ಬಿಡಿಸಿ ತಿಳಿಸುತ್ತದೆ.

ಇಲ್ಲಿಯವರೆಗಿನದೆಲ್ಲ ಕೇಳುವ ಕೆಲಸ, ಅದರಲ್ಲಿ ಭಯಪಡುವಂಥದ್ದು ಹೆಚ್ಚಿಲ್ಲ. ಎಸ್‌ಎನ್‌ಎಂಪಿಸೆಟ್ ಹಾಗಲ್ಲ. ಅದು ‘ಖಚಿತವೇ?’ ಎಂದು ಮರುಪ್ರಶ್ನೆ ಹಾಕದು. ಒಮ್ಮೆ ನಾನು ಬಳಕೆಯಲ್ಲಿಲ್ಲದ ಒಂದು ಪೋರ್ಟನ್ನು ಮುಚ್ಚಲು ಹೊರಟು, ಹಳೆಯ ಚೀಟಿಯಲ್ಲಿದ್ದ ಸೂಚ್ಯಂಕವನ್ನೇ ಹಾಕಿ, ಆ ಸ್ವಿಚ್ಚಿನ ಅಪ್‌ಲಿಂಕನ್ನೇ, ಅಂದರೆ ಅದನ್ನು ಉಳಿದ ನೆಟ್‌ವರ್ಕಿಗೆ ಜೋಡಿಸುವ ಪೋರ್ಟನ್ನೇ, ಮುಚ್ಚಿದೆ. ಮರಳಿ ತೆರೆಯುವ ಕಮಾಂಡ್ ಹೋಗಬೇಕಾದ ದಾರಿಯೂ ಅದೇ ಆಗಿದ್ದರಿಂದ ನಡೆದುಹೋಗಿ ಸ್ವಿಚ್ಚನ್ನು ಆರಿಸಿ ಹೊತ್ತಿಸಬೇಕಾಯಿತು. ಬದಲಾವಣೆ ಶಾಶ್ವತವಾಗಿ ಉಳಿದಿರದ ಕಾರಣ ಅದು ಮೊದಲಿನ ಸ್ಥಿತಿಗೆ ಬಂತು. ಅಂದಿನಿಂದ ಬದಲಿಸುವ ಬಳಕೆದಾರನ ವಿವರವನ್ನು ಬೇರೊಂದು ಫೋಲ್ಡರಿನಲ್ಲಿಟ್ಟು, ಬೇಕಾದ ಆ ಒಂದು ಹೊತ್ತಿಗೆ ಮಾತ್ರ ಎಸ್‌ಎನ್‌ಎಂಪಿಕಾನ್ಫ್‌ಪಾತ್ ಎಂಬ ಪರಿಸರ ಚರಾಂಶದ ಮೂಲಕ (ಇದನ್ನು ಇಂಗ್ಲಿಷಿನ ದೊಡ್ಡಕ್ಷರಗಳಲ್ಲಿ ಬರೆಯಬೇಕು) ಅದರತ್ತ ತೋರಿಸುತ್ತೇನೆ.

ಸೆಟ್‌ನ ನಿಜವಾದ ಪ್ರಯೋಜನ ಕಾಣುವುದು ಕಂಬದ ಮೇಲಿನ ಕ್ಯಾಮೆರಾ ಸ್ತಬ್ಧವಾದಾಗ. ಕೇಬಲ್ಲಿನಲ್ಲೇ ವಿದ್ಯುತ್ ಕೊಡುವ ಪಿಓಇ ಸ್ವಿಚ್ಚಾದರೆ ಏಣಿ ಹತ್ತಬೇಕಾಗಿಲ್ಲ. ಕ್ಯಾಮೆರಾ 1ನೆಯ ಗುಂಪಿನ 7ನೆಯ ಪೋರ್ಟಿನಲ್ಲಿದೆಯೆಂದರೆ ಮೊದಲು 1.3.6.1.2.1.105.1.1.1.3.1.7 ಎಂಬುದನ್ನು ಗೆಟ್‌ನಿಂದ ಓದಿ, 1 ಎಂದು ಬಂದುದನ್ನು ಕಂಡು, ಆಮೇಲೆ ಹೀಗೆ ಬರೆಯಬೇಕು:

ಎಸ್‌ಎನ್‌ಎಂಪಿಸೆಟ್ 192.168.10.2 1.3.6.1.2.1.105.1.1.1.3.1.7 ಐ 2

ಇಲ್ಲಿ ‘ಐ’ ಎಂಬ ಒಂಟಿ ಅಕ್ಷರ ಬೆಲೆಯು ಪೂರ್ಣಾಂಕವೆಂದು ತಿಳಿಸುತ್ತದೆ. ಪಠ್ಯವಾದರೆ ಆ ಜಾಗದಲ್ಲಿ ‘ಎಸ್’. ವಿದ್ಯುತ್ ಕಡಿತವಾದ ಮೇಲೆ ಹತ್ತು ಸೆಕೆಂಡು ಕಾದು, ಅದೇ ಸಾಲನ್ನು 2ರ ಬದಲು 1 ಹಾಕಿ ಮತ್ತೆ ಕೊಡಿ. ಕಮಾಂಡ್ ಯಶಸ್ವಿಯಾಯಿತೆಂದ ಮಾತ್ರಕ್ಕೆ ಎದ್ದುಹೋಗಬೇಡಿ. 1.3.6.1.2.1.105.1.1.1.6.1.7 ಅನ್ನು ಕೇಳಿ: 2 ಎಂದರೆ ಸ್ವಿಚ್ ಆ ತುದಿಯಲ್ಲಿ ವಿದ್ಯುತ್ ಬೇಡುವ ಸಾಧನವನ್ನು ಇನ್ನೂ ಹುಡುಕುತ್ತಿದೆ, 3 ಎಂದರೆ ವಿದ್ಯುತ್ ಹರಿಯುತ್ತಿದೆ, 4 ಎಂದರೆ ದೋಷವಿದೆ. 3 ಕಂಡು ಒಂದೆರಡು ನಿಮಿಷದಲ್ಲಿ ಕ್ಯಾಮೆರಾ ಪಿಂಗ್‌ಗೆ ಉತ್ತರಿಸಿದರೆ ಏಣಿಯನ್ನು ತರಿಸಬೇಕಾಗಿಲ್ಲ.