‘ನನಗೇನೂ ಆಗಿಲ್ಲ’ ಎಂದರೂ ಶುಗರ್ ನೋಡಿ

ಸಕ್ಕರೆ ಕಾಯಿಲೆ ಇರುವವರು ಇದ್ದಕ್ಕಿದ್ದಂತೆ ಸಿಡುಕುತ್ತಾರೆ, ಮಾತು ತೊದಲುತ್ತದೆ, ಹೆಜ್ಜೆ ತಪ್ಪುತ್ತದೆ. ನೋಡಿದವರು ‘ಕುಡಿದಿರಬೇಕು’ ಎಂದು ದೂರ ಸರಿಯುತ್ತಾರೆ. ರಕ್ತದ ಸಕ್ಕರೆ ತೀರಾ ಕುಸಿಯುವ ಲೋ ಶುಗರ್‌ನಲ್ಲಿ ಇದಕ್ಕಿಂತ ಅಪಾಯದ ತಪ್ಪು ಇನ್ನೊಂದಿಲ್ಲ.

ಮೊದಲು ಹಣೆ, ಅಂಗೈ ಮುಟ್ಟಿ ನೋಡಿ. ಸೆಕೆಯಿಲ್ಲದಿದ್ದರೂ ತಣ್ಣನೆ ಬೆವರು ಒಸರುತ್ತಿದ್ದರೆ ಅನುಮಾನ ಪಡಿ. ಕೈ ನಡುಕ, ಎದೆ ಡವಡವ, ತಡೆಯಲಾರದ ಹಸಿವು, ತುಟಿ ಜುಮುಗುಟ್ಟುವುದು ಇವೆಲ್ಲ ದೇಹ ಹೊಡೆಯುವ ಎಚ್ಚರಿಕೆಯ ಗಂಟೆ. ಮಿದುಳಿಗೆ ಗ್ಲೂಕೋಸ್ ಸಾಲದಾದಾಗ ಚಹರೆಯೇ ಬೇರೆ: ಅಂಗಿಯ ಗುಂಡಿ ಹಾಕಲು ಹೋದ ಬೆರಳು ತಡಕಾಡುತ್ತದೆ, ಕೇಳಿದ್ದೊಂದಾದರೆ ಹೇಳುವುದು ಇನ್ನೊಂದು, ಕಣ್ಣು ಮಂಜಾಗುತ್ತದೆ. ‘ನನಗೇನೂ ಆಗಿಲ್ಲ, ಬಿಡಿ’ ಎಂದು ಕೈ ಕೊಡವಿದರೂ ಬಿಡಬೇಡಿ. ಆ ಹಟವೂ ಲಕ್ಷಣವೇ ಇರಬಹುದು. ಮುಂದಿನದು ಫಿಟ್ಸ್, ಪ್ರಜ್ಞೆ ತಪ್ಪುವುದು. ಕೆಲವರಲ್ಲಿ ಒಂದು ಕಡೆಯ ಕೈಕಾಲು ಸೋತು ಪಾರ್ಶ್ವವಾಯುವಿನಂತೆಯೇ ಕಾಣುತ್ತದೆ.

ಬಿಪಿ ಅಥವಾ ಹೃದಯಕ್ಕೆ ಬೀಟಾ ಬ್ಲಾಕರ್ ಮಾತ್ರೆ ತೆಗೆದುಕೊಳ್ಳುವವರಲ್ಲಿ ನಡುಕ, ಎದೆಬಡಿತ ಅಡಗಿಬಿಡಬಹುದು. ಬೆವರು ಮಾತ್ರ ಅಡಗುವುದಿಲ್ಲ.

ಗ್ಲೂಕೋಮೀಟರ್ ಇದ್ದರೆ ಬೆರಳು ತೊಳೆದು, ಒರೆಸಿಯೇ ಚುಚ್ಚಿ. ಬೆರಳಿಗೆ ಹಣ್ಣಿನ ರಸ ಅಂಟಿದ್ದರೆ ಸುಳ್ಳು ಅಂಕಿ ಬರುತ್ತದೆ. 100 ಮಿ.ಲೀ. ರಕ್ತದಲ್ಲಿ ಸಕ್ಕರೆ 70 ಮಿಲಿಗ್ರಾಂಗಿಂತ ಕಡಿಮೆ ಇದ್ದರೆ ಲೋ ಶುಗರ್. 54ಕ್ಕಿಂತ ಕೆಳಗಿಳಿದರೆ ಗಂಭೀರ. ಮೀಟರ್ ಇಲ್ಲವೇ? ಹುಡುಕುತ್ತ ಕೂರಬೇಡಿ, ಲೋ ಶುಗರ್ ಎಂದೇ ತಿಳಿದು ಉಪಚಾರ ಶುರುಮಾಡಿ.

ಎಚ್ಚರವಿದ್ದು, ನುಂಗಲು ಆಗುತ್ತಿದ್ದರೆ 15 ಗ್ರಾಂ ಗ್ಲೂಕೋಸ್ ಪುಡಿ, ಇಲ್ಲವೇ ಮೂರು–ನಾಲ್ಕು ಟೀ ಚಮಚ ಸಕ್ಕರೆಯನ್ನು ನೀರಿಗೆ ಕದಡಿ ಕುಡಿಸಿ. 150 ಮಿ.ಲೀ. ಹಣ್ಣಿನ ರಸವೂ ಆಗುತ್ತದೆ. ಚಾಕೊಲೇಟ್ ಬೇಡ, ಅದರ ಕೊಬ್ಬಿನಿಂದಾಗಿ ಸಕ್ಕರೆ ರಕ್ತ ಸೇರುವುದು ತಡವಾಗುತ್ತದೆ. 15 ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಿ. ಏರದಿದ್ದರೆ ಇನ್ನೊಮ್ಮೆ ಅಷ್ಟೇ ಕೊಡಿ.

ಪ್ರಜ್ಞೆ ಇಲ್ಲದವರ ಬಾಯಿಗೆ ಹನಿ ನೀರನ್ನೂ ಹಾಕಬೇಡಿ, ಶ್ವಾಸನಾಳಕ್ಕೆ ಇಳಿದೀತು. ಒಂದು ಮಗ್ಗುಲಿಗೆ ಮಲಗಿಸಿ ಆಂಬುಲೆನ್ಸ್ ಕರೆಯಿರಿ. ರಕ್ತದ ಸಕ್ಕರೆ ಏರಿಸುವ ಔಷಧಿ ಗ್ಲುಕಗಾನ್ ಇದ್ದು, ಕೊಡಲು ಬಲ್ಲವರಿದ್ದರೆ ಆಗಲೇ ಕೊಡಲಿ. ಆಸ್ಪತ್ರೆಯಲ್ಲಿ ನೇರ ರಕ್ತನಾಳಕ್ಕೆ ಗ್ಲೂಕೋಸ್ ದ್ರಾವಣವಾದ ಡೆಕ್ಸ್‌ಟ್ರೋಸ್ ಏರಿಸುತ್ತಾರೆ.

ಎದ್ದು ಕೂತರೆಂದು ನಿಶ್ಚಿಂತರಾಗಬೇಡಿ. ಗ್ಲಿಬೆನ್‌ಕ್ಲಮೈಡ್, ಗ್ಲಿಮೆಪಿರೈಡ್‌ನಂಥ ಸಕ್ಕರೆ ಇಳಿಸುವ ಮಾತ್ರೆಗಳ ಪ್ರಭಾವ ಗಂಟೆಗಟ್ಟಲೆ ಇರುತ್ತದೆ, ಶುಗರ್ ಮತ್ತೆ ಕುಸಿಯಬಹುದು. ಅಂಥವರನ್ನು ಆಸ್ಪತ್ರೆಗೆ ಕರೆದೊಯ್ಯಲೇಬೇಕು. ಹೊರಡುವಾಗ ಮಾತ್ರೆಯ ಸ್ಟ್ರಿಪ್ ಜೊತೆಗಿರಲಿ. ಕೊನೆಯ ಡೋಸ್ ಎಷ್ಟು ಹೊತ್ತಿಗೆ, ಕೊನೆಯ ಊಟ ಯಾವಾಗ ಎಂಬುದನ್ನು ವೈದ್ಯರಿಗೆ ಮೊದಲೇ ಹೇಳಿ.