ತಾನಾಗಿಯೇ ಗೆರೆ ಎಳೆಯುವ ಸ್ಮಾರ್ಟ್ ಬೋರ್ಡ್: ಸರಿಪಡಿಸುವುದು ಹೇಗೆ?

ಚಿತ್ರದುರ್ಗದಲ್ಲಿ ಆಷಾಢದ ಗಾಳಿಗೆ ಧೂಳು ಎದ್ದಿತೆಂದರೆ ಶಾಲೆಗಳ ಸ್ಮಾರ್ಟ್ ಬೋರ್ಡುಗಳ ಸ್ಪರ್ಶ ತಪ್ಪತೊಡಗುತ್ತದೆ. ಹೆಚ್ಚಿನವರು ಕೂಡಲೇ ಕ್ಯಾಲಿಬ್ರೇಷನ್‌ಗೆ, ಅಂದರೆ ಬೆರಳು ಮುಟ್ಟಿದ ಜಾಗಕ್ಕೂ ಗೆರೆ ಮೂಡುವ ಜಾಗಕ್ಕೂ ಹೊಂದಿಕೆ ಮಾಡುವುದಕ್ಕೆ, ಕೈಹಾಕುತ್ತಾರೆ. ಅದು ಕೊನೆಯಲ್ಲಿ ಮಾಡಬೇಕಾದ ಕೆಲಸ.

ಇಂಥ ಬೋರ್ಡುಗಳಲ್ಲಿ ಸ್ಪರ್ಶವನ್ನು ಗುರುತಿಸುವುದು ಗಾಜಲ್ಲ, ಸುತ್ತಲಿನ ಚೌಕಟ್ಟು. ಅದರ ಎರಡು ಬದಿಗಳಿಂದ ಹೊರಟ, ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಕಿರಣಗಳು ಗಾಜಿಗೆ ತಾಗದಂತೆ, ಕೆಲವೇ ಮಿಲಿಮೀಟರ್ ಮೇಲೆ ಹಾದು ಎದುರು ಬದಿಯ ಸೆನ್ಸರುಗಳನ್ನು ತಲುಪುತ್ತವೆ. ಅಡ್ಡ ಮತ್ತು ಉದ್ದ ಸಾಲುಗಳಲ್ಲಿ ಯಾವ ಕಿರಣಕ್ಕೆ ತಡೆಯಾಯಿತು ಎಂಬುದರಿಂದ ಬೆರಳಿನ ಜಾಗ ಗೊತ್ತಾಗುತ್ತದೆ. ಪಾಠಕ್ಕೆಂದೇ ರೂಪಿಸಿದ 1972ರ ಪ್ಲೇಟೊ-4 ಎಂಬ ಕಂಪ್ಯೂಟರ್ ಟರ್ಮಿನಲ್‌ನಲ್ಲಿ ಇದೇ ತತ್ವದ 16 × 16 ಜಾಲವಿತ್ತು. ಈಗಿನ ಬೋರ್ಡುಗಳಲ್ಲಿ ಕಿರಣಗಳು ಬಹಳ ಒತ್ತಾಗಿರುವುದರಿಂದ ಮೂಲೆಯಲ್ಲಿನ ಜೇಡರ ಬಲೆಯೂ ಬೆರಳಿನಂತೆ ತೋರಬಹುದು.

ಮೊದಲು ಬೋರ್ಡಿಗೆ ಕರೆಂಟ್ ಕೊಡುವ ಗೋಡೆಯ ಸ್ವಿಚ್ ಆಫ್ ಮಾಡಿ.

ಎಲ್ಲರೂ ಎಡವುವುದು ಮುಂದಿನ ಹಂತದಲ್ಲಿ. ಗಾಜನ್ನು ಫಳಫಳ ಒರೆಸಿ, ಚೌಕಟ್ಟಿನ ಒಳ ಅಂಚಿನಲ್ಲಿರುವ ಕಪ್ಪು ಪಟ್ಟಿಯನ್ನು ಮುಟ್ಟದೆ ಬಿಡುತ್ತಾರೆ. ಕಿರಣಗಳು ಹೊರಬರುವುದು ಆ ಪಟ್ಟಿಯ ಮೂಲಕವೇ. ಟಾರ್ಚನ್ನು ಗಾಜಿಗೆ ಒತ್ತಿ ಓರೆಯಾಗಿ ಹಿಡಿದರೆ ಪಟ್ಟಿಯ ಮೇಲಿನ ಧೂಳಿನ ಪದರ, ಬೆರಳಿನ ಜಿಡ್ಡು ಎಲ್ಲವೂ ಕಾಣುತ್ತವೆ. ಒಣಗಿದ ಮೆತ್ತನೆಯ ಪೇಂಟ್ ಬ್ರಷ್‌ನಿಂದ ಮೇಲಿನ ಅಂಚಿನಿಂದ ಆರಂಭಿಸಿ ಎರಡು ಪಕ್ಕಗಳಲ್ಲಿ ಇಳಿಯುತ್ತ, ಧೂಳೆಲ್ಲ ಬಂದು ಕೂರುವ ಕೆಳ ಅಂಚನ್ನು ಕಡೆಯಲ್ಲಿ ತೆಗೆಯಿರಿ. ಆಮೇಲೆ ಮೈಕ್ರೋಫೈಬರ್ ಬಟ್ಟೆಯನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ತುಸುವೇ ತೇವ ಮಾಡಿ ಒರೆಸಿ. ಹಳೆಯ ಪಂಚೆಯ ತುಂಡು ಬೇಡವೇ ಬೇಡ, ಅದು ಎಳೆ ಬಿಡುತ್ತದೆ. ಅಗ್ಗದ ಗ್ಲಾಸ್ ಕ್ಲೀನರುಗಳನ್ನು ನಾನು ಬಳಸಲು ಬಿಡುವುದಿಲ್ಲ: ಅವು ಪಟ್ಟಿಯ ಮೇಲೆ ಮಬ್ಬು ಉಳಿಸುತ್ತವೆ, ನೇರವಾಗಿ ಸಿಂಪಡಿಸಿದರೆ ದ್ರವ ಸಂದಿಗೆ ಇಳಿಯುತ್ತದೆ. ಒಂದು ಶಾಲೆಯಲ್ಲಿ ಪಟ್ಟಿಯ ಮೇಲೆಯೇ ಬಣ್ಣದ ಟೇಪು ಅಂಟಿಸಿ ಅಲಂಕರಿಸಿದ್ದರು; ಅರ್ಧ ಬೋರ್ಡು ಸತ್ತಂತಿತ್ತು.

ಬೋರ್ಡು ಹೊತ್ತಿಸುವಾಗ ಅದರ ಮುಂದೆ ಯಾರೂ ಕೈಯಿಡಬಾರದು, ಏಕೆಂದರೆ ಎಷ್ಟೋ ಚೌಕಟ್ಟುಗಳು ಆ ಕ್ಷಣದ ಬೆಳಕನ್ನೇ ಖಾಲಿ ಸ್ಥಿತಿಯೆಂದು ಲೆಕ್ಕ ಹಿಡಿಯುತ್ತವೆ. ಕಿಟಕಿಯ ಬಿಸಿಲು ನೇರವಾಗಿ ಬೀಳುತ್ತಿದ್ದರೆ ಪರದೆ ಎಳೆಯಿರಿ.

ಬಳಿಕ ಬೆರಳಿನಿಂದ ನಿಧಾನವಾಗಿ, ಮೇಲಿನಿಂದ ಕೆಳಕ್ಕೆ ಹಲವು ಗೆರೆಗಳನ್ನು ಎಳೆಯಿರಿ. ಎಲ್ಲ ಗೆರೆಗಳೂ ಒಂದೇ ಎತ್ತರದಲ್ಲಿ ತುಂಡಾದರೆ ಆ ನೇರದ ಪಟ್ಟಿಯನ್ನು ಮತ್ತೊಮ್ಮೆ ಒರೆಸಿ. ಆಗಲೂ ತುಂಡಾದರೆ ಕೋಣೆ ಕತ್ತಲು ಮಾಡಿ ಮೊಬೈಲಿನ ಸೆಲ್ಫಿ ಕ್ಯಾಮೆರಾದಲ್ಲಿ ನೋಡಿ. ಹಲವು ಫೋನುಗಳಲ್ಲಿ ಕಿರಣ ಹೊಮ್ಮಿಸುವ ಎಲ್‌ಇಡಿಗಳು ನಸು ನೇರಳೆ ಚುಕ್ಕೆಗಳಾಗಿ ಕಾಣುತ್ತವೆ. ಸಾಲಿನ ನಡುವೆ ಒಂದು ಚುಕ್ಕೆ ಮಾತ್ರ ಇಲ್ಲದಿದ್ದರೆ ಮೆಕ್ಯಾನಿಕ್‌ನನ್ನು ಕರೆಸಿ.

ಗೆರೆ ಅಖಂಡವಾಗಿದ್ದು ಬೆರಳಿನಿಂದ ಪಕ್ಕಕ್ಕೆ ಸರಿದು ಮೂಡುತ್ತಿದ್ದರೆ ಮಾತ್ರ ಕ್ಯಾಲಿಬ್ರೇಷನ್ ಮಾಡಿ. ತೋರುಬೆರಳನ್ನು ಗಾಜಿಗೆ ನೆಟ್ಟಗೆ ಹಿಡಿದು, ಆಗ ಬೋರ್ಡಿನ ಮೇಲೆ ಮೂಡುವ ಗುರುತಿನ ನಟ್ಟನಡುವೆ ಒತ್ತಬೇಕು; ಸೆರಗು, ತೋಳಿನ ತುದಿ, ಜೋತುಬಿದ್ದ ಬಳೆ ಇವು ಕಿರಣಕ್ಕೆ ಅಡ್ಡ ಬಂದರೆ ಬೋರ್ಡು ಅವನ್ನೂ ಬೆರಳೆಂದೇ ಎಣಿಸುತ್ತದೆ.