ಹೊಳೆ ದಂಡೆಯಲ್ಲೇ ಮೀನಿನ ತತ್ತಿ ಹಿಂಡುವುದು ಹೇಗೆ

ಪುನರ್ವಸು, ಪುಷ್ಯ ಮಳೆಗೆ ತುಂಗಭದ್ರೆಯಲ್ಲಿ ರಾಡಿ ನೀರು ಏರಿದಾಗ ಲೇಬಿಯೋ ಫಿಂಬ್ರಿಯೇಟಸ್‌ನಂಥ ಹೊಳೆಯ ಕಾರ್ಪ್‌ಗಳು (ಗೆಂಡೆ ಜಾತಿಯ ಮೀನುಗಳು) ತತ್ತಿ ಇಡಲು ಸಿದ್ಧವಾಗುತ್ತವೆ. ವರದಾ ಹೊಳೆ ಬಂದು ಕೂಡುವ ಗಳಗನಾಥದಂಥ ಕಡೆ ಕೆಸರು ದಾರಿಯಲ್ಲಿ ದೊಡ್ಡ ಮೀನನ್ನು ಮರಿ ಮಾಡಿಸುವ ಕೇಂದ್ರಕ್ಕೆ ಜೀವಂತ ಸಾಗಿಸುವುದಕ್ಕಿಂತ ದಂಡೆಯಲ್ಲೇ ತತ್ತಿ ತೆಗೆಯುವುದು ಲೇಸು. ಇದು ಮೀನು ಹಿಡಿಯಬಾರದ ಕಾಲ. ಮೀನುಗಾರಿಕೆ ಇಲಾಖೆಯ ಲಿಖಿತ ಅನುಮತಿ ಕೈಯಲ್ಲಿರಲಿ.

ಬೀಸುಬಲೆಯೇ ಸಾಕು. ಕಿವಿರು ಸಿಕ್ಕಿಕೊಳ್ಳುವ ಗಿಲ್ ಬಲೆಗೆ ಬಿದ್ದ ಮೀನು ಗಾಯಗೊಂಡು ಬಳಲಿರುತ್ತದೆ. ಗಂಡಿನ ಎದೆರೆಕ್ಕೆ ಒರಟು, ಹೊಟ್ಟೆ ಒತ್ತಿದರೆ ಹಾಲು, ಅಂದರೆ ಬಿಳಿ ವೀರ್ಯ. ಹೆಣ್ಣಿನ ಹೊಟ್ಟೆ ಮೆತ್ತಗೆ, ಗುದದ್ವಾರ ಕೆಂಪಗೆ ಉಬ್ಬಿರಬೇಕು. ಮೆಲ್ಲಗೆ ಒತ್ತಿದರೆ ತತ್ತಿ ತಾನಾಗಿ ಹರಿಯಬೇಕು. ಉಂಡೆಗಟ್ಟಿ ಬಂದರೆ, ರಕ್ತ ಕಂಡರೆ ಹೊಳೆಗೆ ಬಿಟ್ಟುಬಿಡಿ. ಬಲವಂತದಿಂದ ಹಿಂಡಿದ ತತ್ತಿ ಫಲಿಸುವುದಿಲ್ಲ, ಮೀನೂ ಬದುಕುವುದಿಲ್ಲ.

ಇಲ್ಲಿಂದ ಮುಂದೆ ನೀರೇ ವೈರಿ. ಒಂದು ಹನಿ ತಾಗಿದರೂ ವೀರ್ಯಾಣು ಒಳಹೋಗುವ ತತ್ತಿಯ ಸೂಕ್ಷ್ಮ ರಂಧ್ರ ಮುಚ್ಚತೊಡಗುತ್ತದೆ. ಹಾಲಿನ ವೀರ್ಯಾಣುಗಳೂ ನೀರು ಸೋಕಿದ ಮೇಲೆ ಒಂದು ನಿಮಿಷವೂ ಈಜಲಾರವು. ಮೋಡ ಮುಸುಕಿದ ದಿನ ತಲೆಯ ಮೇಲೊಂದು ತಾಡಪತ್ರಿ ಇರಲೇಬೇಕು. ಮೀನಿನ ಮೈ, ಕೈ, ಬೋಗುಣಿ ಎಲ್ಲ ಒರೆಸಿ. ಮೀನಿನ ಕಣ್ಣಿಗೆ ಮಾತ್ರ ಹಿಂಡಿದ ಒದ್ದೆ ಬಟ್ಟೆ. ಎದೆಯಿಂದ ಬಾಲದ ಕಡೆಗೆ ಹೆಬ್ಬೆರಳು ಸರಿಸುತ್ತ ತತ್ತಿ ಇಳಿಸಿ, ಒಂದು ಹೆಣ್ಣಿಗೆ ಎರಡು ಗಂಡಿನ ಹಾಲು ಹಿಂಡಿ, ಕೋಳಿಪುಕ್ಕದಿಂದ ಒಂದೆರಡು ನಿಮಿಷ ತಿರುವಿ. ಆಮೇಲಷ್ಟೇ ನೀರು: ಮೊದಲು ಮುಳುಗುವಷ್ಟು, ನಂತರ ಎರಡು ಮೂರು ಸಲ ತೊಳೆಯುವಷ್ಟು. ಅರ್ಧ ತಾಸು ಅಲುಗಿಸದೆ ಬಿಟ್ಟರೆ ತತ್ತಿ ಉಬ್ಬಿ ಮುತ್ತಿನಂತೆ ಕಾಣುತ್ತದೆ.

ರಾಡಿ ನೀರಿನಲ್ಲೇ ತೊಳೆದರೆ ಹೂಳು ಕೂತು ತತ್ತಿಗೆ ಉಸಿರು ಕಟ್ಟುತ್ತದೆ. ಹಿಂದಿನ ಸಂಜೆಯೇ ಡ್ರಮ್ಮಿನಲ್ಲಿ ಹೊಳೆನೀರು ತಿಳಿಯಾಗಲು ಬಿಡಿ. ಬೋರ್‌ವೆಲ್ ನೀರಿನಲ್ಲಿ ಆಮ್ಲಜನಕ ಕಡಿಮೆ. ಬೇರೆ ದಾರಿ ಇಲ್ಲದಿದ್ದರೆ ಎತ್ತರದಿಂದ ಸುರಿದು ಸುರಿದು ಬಳಸಿ. ಎಣಿಕೆ ಸುಲಭ: 10 ಮಿಲಿಯಲ್ಲಿ ಎಷ್ಟು ತತ್ತಿ ಇವೆ ಎಂದು ಎಣಿಸಿ, ಒಟ್ಟು ಅಳತೆಯಲ್ಲಿ ಅಂಥ ಎಷ್ಟು 10 ಮಿಲಿ ಇವೆಯೋ ಅಷ್ಟರಿಂದ ಗುಣಿಸಿದರಾಯಿತು.

ಮರಿಕೇಂದ್ರ ಒಂದೆರಡು ತಾಸಿನ ದಾರಿಯಾದರೆ ಮೂರನೇ ಒಂದು ಪಾಲು ನೀರು, ಉಳಿದದ್ದು ಆಮ್ಲಜನಕ ತುಂಬಿದ ಚೀಲದಲ್ಲಿ ತತ್ತಿಯನ್ನೇ ಒಯ್ಯಿರಿ. ದೂರವಾದರೆ ಬೇಡ: ಕುಲುಕಾಟಕ್ಕೆ ಪೊರೆ ಒಡೆದು ಮರಿ ಅವಧಿಗೆ ಮುಂಚೆ ಹೊರಬೀಳುತ್ತದೆ. ಹತ್ತಿರದ ತಿಳಿನೀರಿನ ಕೆರೆಯಲ್ಲಿ ಹಾಪಾ (ನೀರಿನಲ್ಲಿ ಕಟ್ಟುವ ಬಟ್ಟೆಯ ತೊಟ್ಟಿ) ಕಟ್ಟಿ: ಹೊರಗೆ 2×1×1 ಮೀಟರಿನ ಬಟ್ಟೆ, ಒಳಗೆ ಅದಕ್ಕಿಂತ ಚಿಕ್ಕ ಸೊಳ್ಳೆಪರದೆ. ಒಂದಕ್ಕೆ 75,000ದಿಂದ 1 ಲಕ್ಷ ತತ್ತಿ, ಹೆಚ್ಚು ಬೇಡ. ಬೆಳ್ಳಗಾದವು ಸತ್ತವು, ಬಿಟ್ಟರೆ ಬೂಸ್ಟು ಪಕ್ಕದವಕ್ಕೂ ಹಬ್ಬುತ್ತದೆ. 28 ಡಿಗ್ರಿ ಆಸುಪಾಸಿನಲ್ಲಿ 14ರಿಂದ 20 ತಾಸಿಗೆ ಮರಿ ಒಡೆದು ಪರದೆಯ ಕಣ್ಣಿನಿಂದ ಕೆಳಗಿನ ಬಟ್ಟೆಗೆ ಇಳಿಯುತ್ತದೆ. ತತ್ತಿಯ ಸಿಪ್ಪೆಯ ಸಮೇತ ಒಳಪರದೆ ತೆಗೆದುಬಿಡಿ. ಮೂರನೇ ದಿನ, ಹೊಟ್ಟೆಯ ಹಳದಿ ಕರಗುತ್ತಿದ್ದಂತೆ, ಬೆಳಗಿನ ತಂಪಿನಲ್ಲಿ ಮರಿಗಳನ್ನು ಸಾಗಿಸುವ ಚೀಲಕ್ಕೆ ತುಂಬಿ.